ಬೈಕಿನ ಹಿಂದಿನ ಶಾಕ್: ಹೊರುವುದು ಸ್ಪ್ರಿಂಗು, ಹಿಡಿಯುವುದು ಎಣ್ಣೆ

ನಮ್ಮ ಮನೆಯಿಂದ ಡಾಮರು ರಸ್ತೆಗೆ ಒಂದೂಕಾಲು ಕಿಲೋಮೀಟರು. ಅದರಲ್ಲಿ ಮುಕ್ಕಾಲು ಪಾಲು ಮುರಕಲ್ಲು ಎದ್ದ ಮಣ್ಣುದಾರಿ. ನಡುವೆ ಒಂದು ಮೋರಿ, ಮೋರಿ ದಾಟಿದ ಕೂಡಲೇ ತಿರುವು, ತಿರುವಿನ ಮೇಲೆ ಚಡಾವು. ದಿನಕ್ಕೆರಡು ಸಲ ಈ ದಾರಿಯಲ್ಲಿ ಹಾಲಿನ ಕ್ಯಾನು ಸೊಸೈಟಿಗೆ ಹೋಗಬೇಕು. ವಾರಕ್ಕೊಂದು ಸಲ 50 ಕಿಲೋದ ಹಿಂಡಿ ಗೋಣಿ ಮನೆಗೆ ಬರಬೇಕು. ಅಡಿಕೆ ಮಾರುವ ಕಾಲದಲ್ಲಿ ಅಡಿಕೆ ಗೋಣಿ. ಇಷ್ಟನ್ನೂ ಹೊರುವುದು ಹನ್ನೊಂದು ವರ್ಷ ಹಳೆಯದಾದ ನನ್ನ 100 ಸಿಸಿ ಬೈಕು. ನಮ್ಮ ಪತ್ರಿಕೆಯ ಓದುಗರಲ್ಲಿ ಅರ್ಧದಷ್ಟು ಮಂದಿಯ ಕಥೆ ಇದೇ ಇರಬಹುದು.

2024ರ ಜುಲೈಯಲ್ಲಿ ಒಂದು ಸಂಜೆ ಮೋರಿಯ ಅಂಚಿನ ಹೊಂಡಕ್ಕೆ ಹಿಂದಿನ ಚಕ್ರ ಇಳಿಯಿತು. ಅದೇನೂ ಹೊಸತಲ್ಲ, ದಿನಾ ಇಳಿಯುತ್ತದೆ. ಆದರೆ ಆವತ್ತು ಬೈಕಿನ ಹಿಂಭಾಗ ಒಮ್ಮೆ ಹಾರಿ ನಿಲ್ಲಲಿಲ್ಲ. ಎರಡನೇ ಸಲ ಹಾರಿತು. ಮೂರನೇ ಸಲ ಹಾರುವಾಗ ನಾನು ತಿರುವಿನಲ್ಲಿದ್ದೆ. ಬೈಕು ಒಂದು ಕಡೆ, ಕ್ಯಾನು ಒಂದು ಕಡೆ, ನಾನು ಚರಂಡಿಯಲ್ಲಿ. 14 ಲೀಟರು ಹಾಲು ಮಳೆನೀರಿನ ಜೊತೆ ಹೋಯಿತು. ಬಲಗೈ ಮಣಿಕಟ್ಟು ಊದಿ ಮೂರು ವಾರ ಹಾಲು ಕರೆಯಲಾಗಲಿಲ್ಲ. ಕರೆದದ್ದು ಮನೆಯವಳು. ಮರುದಿನ ಬೆಳಿಗ್ಗೆ ಆಕೆ ಕೇಳಿದ್ದು ಒಂದೇ ಮಾತು: "ಸೋಮವಾರ ನಾನು ಹಿಂದೆ ಕೂತಿದ್ದೆನಲ್ಲ, ಆವತ್ತು ಹೀಗಾಗಿದ್ದರೆ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಹಾಗಂತ ನಾನು ಬೈಕನ್ನು ನೋಡಿಕೊಳ್ಳದೆ ಬಿಟ್ಟವನಲ್ಲ. ಬೀಳುವ ಎರಡು ವಾರ ಮೊದಲಷ್ಟೇ ಗ್ಯಾರೇಜಿಗೆ ಒಯ್ದು "ಹಿಂದೆ ತುಂಬಾ ಕುಸಿಯುತ್ತದೆ, ಹೊಂಡಕ್ಕೆ ಬಿದ್ದರೆ ಸೊಂಟಕ್ಕೇ ಹೊಡೆಯುತ್ತದೆ" ಅಂದಿದ್ದೆ. ಹುಡುಗ ಅರ್ಧಚಂದ್ರದಂಥ ಸ್ಪ್ಯಾನರು ಹಾಕಿ ಎರಡೂ ಶಾಕ್‌ಗಳ ಕೆಳಗಿನ ಬಳೆಯನ್ನು ಕಟಕಟ ಎಂದು ಕೊನೆಯ ಮೆಟ್ಟಿಲಿಗೆ ತಿರುಗಿಸಿದ. "ಗಟ್ಟಿ ಮಾಡಿದ್ದೇನೆ ಅಣ್ಣ, ಇನ್ನು ಕುಸಿಯುವುದಿಲ್ಲ" ಅಂದ. ದುಡ್ಡೂ ತೆಗೆದುಕೊಳ್ಳಲಿಲ್ಲ. ಕುಸಿಯುವುದು ಕಡಿಮೆಯಾದದ್ದೂ ನಿಜ. ಬಿದ್ದದ್ದಕ್ಕೆ ನಾನು ಮಳೆಯನ್ನು ಬೈದೆ, ಪಂಚಾಯತನ್ನು ಬೈದೆ, ಸವೆದ ಟಯರನ್ನೂ ಬೈದೆ. ಶಾಕನ್ನು ಬೈಯಲಿಲ್ಲ. ಅದು ರಿಪೇರಿ ಆಗಿದೆ ಎಂದೇ ನನ್ನ ಲೆಕ್ಕ.

ವಿಷಯ ಗೊತ್ತಾದದ್ದು ಚೌತಿಗೆ ಅಕ್ಕನ ಮಗ ಬಂದಾಗ. ಅವನಿಗೆ ಘಟ್ಟದ ಮೇಲೆ ಒಂದು ರೆಸಾರ್ಟಿನಲ್ಲಿ ಕೆಲಸ. ಪ್ರವಾಸಿಗರನ್ನು ಕೂರಿಸಿ ಗುಡ್ಡೆಯಲ್ಲಿ ಓಡಿಸುವ ನಾಲ್ಕು ಚಕ್ರದ ಬೈಕು ಇದೆಯಲ್ಲ, ಏಟಿವಿ ಅಂತ, ಅವುಗಳ ರಿಪೇರಿ ಅವನದ್ದು. ಅಂಗಳದಲ್ಲಿ ನಿಲ್ಲಿಸಿದ್ದ ನನ್ನ ಬೈಕಿನ ಸೀಟನ್ನು ಅವನು ಎರಡು ಕೈಯಲ್ಲಿ ಅದುಮಿ ಬಿಟ್ಟ. ಅದು ಮೇಲೆ ಬಂತು, ಕೆಳಗೆ ಹೋಯಿತು, ಮತ್ತೆ ಮೇಲೆ ಬಂತು, ಮತ್ತೆ ಹೋಯಿತು.

"ಮಾವಾ, ಇದರಲ್ಲಿ ಎಣ್ಣೆಯೇ ಇಲ್ಲ. ಬರೀ ಸ್ಪ್ರಿಂಗು. ನೀವು ಗಾಡಿ ಓಡಿಸುವುದಲ್ಲ, ಉಯ್ಯಾಲೆ ಆಡುವುದು."

"ಮೊನ್ನೆ ತಾನೇ ಗಟ್ಟಿ ಮಾಡಿಸಿದ್ದೇನೆ ಮಾರಾಯ."

"ಅದು ಗಟ್ಟಿ ಮಾಡಿದ್ದಲ್ಲ ಮಾವ, ಎತ್ತರ ಮಾಡಿದ್ದು."

ಈ ಒಂದು ಮಾತು ಅರ್ಥ ಆಗಲಿಕ್ಕೆ ನನಗೆ ಎರಡು ದಿನ ಬೇಕಾಯಿತು. ಅರ್ಥ ಆದದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಒಳಗೆ ಇರುವುದು ಎರಡು ಕೆಲಸದವರು

ಶಾಕ್ ಅಬ್ಸಾರ್ಬರ್ ಎಂದು ನಾವು ಕರೆಯುವ ವಸ್ತುವಿನಲ್ಲಿ ಎರಡು ಬೇರೆ ಬೇರೆ ಸಾಮಾನು ಒಂದಕ್ಕೊಂದು ಸುತ್ತಿಕೊಂಡು ಕೂತಿವೆ. ಹೊರಗೆ ಕಾಣುವುದು ಸ್ಪ್ರಿಂಗು. ಭಾರ ಹೊರುವುದು ಅದರ ಕೆಲಸ. ಬೈಕಿನ ಭಾರ, ನಮ್ಮ ಭಾರ, ಗೋಣಿಯ ಭಾರ ಎಲ್ಲ ಅದರ ಮೇಲೆ. ಒಳಗೆ ಒಂದು ಕೊಳವೆ, ಕೊಳವೆ ತುಂಬ ಎಣ್ಣೆ, ಎಣ್ಣೆಯೊಳಗೆ ಸರಳಿನ ತುದಿಗೆ ಕಟ್ಟಿದ ಪಿಸ್ಟನ್ನು. ಪಿಸ್ಟನ್ನಿನಲ್ಲಿ ಸಣ್ಣ ಸಣ್ಣ ತೂತು. ಇದು ಭಾರ ಹೊರುವುದಿಲ್ಲ. ಸ್ಪ್ರಿಂಗು ಕುಣಿಯದ ಹಾಗೆ ಹಿಡಿದುಕೊಳ್ಳುವುದು ಇದರ ಕೆಲಸ.

ಬೋರ್ಡೋ ಹೊಡೆಯುವ ಪಂಪನ್ನು ನೆನಪಿಸಿಕೊಳ್ಳಿ. ಹಿಡಿಯನ್ನು ನಿಧಾನ ಒತ್ತಿದರೆ ಸಲೀಸು. ಜೋರಾಗಿ ಒತ್ತಿದರೆ ಕೈಗೆ ಭಾರ. ನಾಜಲಿನ ಸಣ್ಣ ತೂತಿನಲ್ಲಿ ದ್ರಾವಣ ಗಡಿಬಿಡಿಯಿಂದ ಹೋಗಲಾರದು, ಅದಕ್ಕೆ. ಶಾಕಿನೊಳಗಿನ ಎಣ್ಣೆಯೂ ಹೀಗೆಯೇ ತೂತುಗಳಲ್ಲಿ ನುಸುಳಿ ಹೋಗಬೇಕು. ಚಕ್ರ ಹೊಂಡಕ್ಕೆ ಬಿದ್ದಾಗ ಸ್ಪ್ರಿಂಗು ಕುಗ್ಗಿ ಶಕ್ತಿ ತುಂಬಿಕೊಳ್ಳುತ್ತದೆ. ಅದನ್ನು ಒಮ್ಮೆಗೇ ಬಿಟ್ಟುಕೊಡದಂತೆ ಎಣ್ಣೆ ತಡೆದು, ಆ ಶಕ್ತಿಯನ್ನು ಬಿಸಿಯಾಗಿ ಮಾರ್ಪಡಿಸಿ ಗಾಳಿಗೆ ಬಿಡುತ್ತದೆ. ಪಂಪಿನ ವಾಶರು ಹೋದರೆ ಹಿಡಿ ಹೇಗೆ ಖಾಲಿ ಆಡುತ್ತದೋ, ಸೀಲು ಹೋಗಿ ಎಣ್ಣೆ ಸೋರಿದ ಶಾಕೂ ಹಾಗೆಯೇ ಖಾಲಿ ಆಡುತ್ತದೆ. ಆದರೆ ಸ್ಪ್ರಿಂಗು ಸರಿಯಾಗಿಯೇ ಇರುವುದರಿಂದ ಬೈಕು ನೋಡಲು ಎತ್ತರವಾಗಿ, ಚಂದವಾಗಿ ನಿಂತಿರುತ್ತದೆ. ನಾವು ಮೋಸ ಹೋಗುವುದು ಇಲ್ಲಿಯೇ.

ನನ್ನ ಬೈಕಿಗೆ ಆದದ್ದೂ ಇದೇ. ಎಣ್ಣೆ ಮೊದಲೇ ಹೋಗಿತ್ತು. ಮೇಲಿಂದ ಸ್ಪ್ರಿಂಗನ್ನು ಕೊನೆಯ ಮೆಟ್ಟಿಲಿಗೆ ಬಿಗಿದದ್ದರಿಂದ ಹಿಂಭಾಗ ಎತ್ತರವಾಯಿತು. ಕುಗ್ಗಿದ ಸ್ಪ್ರಿಂಗು ಹಿಂದಕ್ಕೆ ಚಿಮ್ಮುವಾಗ ತಡೆಯುವವರು ಯಾರೂ ಇಲ್ಲ. ಚಿಮ್ಮಿ ಚಿಮ್ಮಿ ಚಕ್ರ ನೆಲ ಬಿಡುತ್ತಿತ್ತು. ತಿರುವಿನಲ್ಲಿ ಹಿಂದಿನ ಚಕ್ರ ನೆಲ ಬಿಟ್ಟರೆ ಮತ್ತೇನು ಆಗಬೇಕು.

ಮೆಟ್ಟಿಲು ತಿರುಗಿಸಿದರೆ ಆಗುವುದೇನು

ಶಾಕಿನ ಬುಡದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಡಿದ ಒಂದು ಬಳೆ ಇರುತ್ತದೆ. ಈಗಿನ ಹೆಚ್ಚಿನ ಬೈಕುಗಳಲ್ಲಿ 5 ಮೆಟ್ಟಿಲು. ಬಳೆ ತಿರುಗಿಸಿದರೆ ಸ್ಪ್ರಿಂಗಿನ ಪೀಠ ಕೆಲವು ಮಿಲಿಮೀಟರು ಮೇಲೆ ಏರಿ, ಸ್ಪ್ರಿಂಗು ಅಷ್ಟು ಮೊದಲೇ ಅದುಮಿಕೊಂಡು ಕೂರುತ್ತದೆ. ಇದಕ್ಕೆ ಪ್ರೀಲೋಡ್ ಎಂದು ಹೆಸರು. ಗ್ಯಾರೇಜುಗಳಲ್ಲೆಲ್ಲ ಇದನ್ನು "ಗಟ್ಟಿ ಮಾಡುವುದು, ಮೆತ್ತಗೆ ಮಾಡುವುದು" ಎಂದೇ ಹೇಳುತ್ತಾರೆ. ನಾನೂ ಮೂವತ್ತು ವರ್ಷದಿಂದ ಹಾಗೇ ನಂಬಿದವನು.

ನಂಬಿಕೆ ಬಿಡಲಿಕ್ಕೆ ಅಳೆದೇ ನೋಡಬೇಕಾಯಿತು. ಹೊಸ ಶಾಕ್ ಹಾಕಿದ ಮೇಲೆ ಮಾಡಿದ ಪರೀಕ್ಷೆ ಇದು. ಹಿಂದಿನ ಚಕ್ರದ ಅಚ್ಚಿನ ನಡುವಿನಿಂದ ನೇರ ಮೇಲಕ್ಕೆ, ಸೀಟಿನ ಕೆಳಗಿನ ತಗಡಿನ ಮೇಲೆ ಒಂದು ಪಟ್ಟಿ ಅಂಟಿಸಿ ಗೆರೆ ಹಾಕಿದೆ. ಎರಡನೇ ಮೆಟ್ಟಿಲಿನಲ್ಲಿಟ್ಟು ನಾನು ಕೂತೆ, ಮನೆಯವಳು ಟೇಪು ಹಿಡಿದಳು. ಆಮೇಲೆ ಕ್ಯಾರಿಯರಿಗೆ 50 ಕಿಲೋದ ಹಿಂಡಿ ಗೋಣಿ ಕಟ್ಟಿ ಮತ್ತೆ ಅಳೆದೆವು. ಗೋಣಿಯಿಂದ ಹಿಂಭಾಗ 17 ಮಿಲಿಮೀಟರು ಕೆಳಗೆ ಹೋಯಿತು. ನಾಲ್ಕನೇ ಮೆಟ್ಟಿಲಿಗೆ ಏರಿಸಿ ಇಡೀ ಕೆಲಸವನ್ನು ಮೊದಲಿಂದ ಮಾಡಿದೆವು. ಗೋಣಿಯಿಂದ ಕೆಳಗೆ ಹೋದದ್ದು ಎಷ್ಟು? ಅದೇ 17. "ಟೇಪು ಸರಿ ಹಿಡಿ" ಅಂದೆ. "ನೀವು ಸರಿ ಕೂತುಕೊಳ್ಳಿ" ಅಂದಳು. ಮೂರನೇ ಸಲವೂ ಅಷ್ಟೇ ಬಂತು.

ಅಂದರೆ ಸ್ಪ್ರಿಂಗಿನ ಗಟ್ಟಿತನ ಬದಲಾಗಲೇ ಇಲ್ಲ. ಅಷ್ಟು ಭಾರಕ್ಕೆ ಅದು ಅಷ್ಟೇ ಕುಗ್ಗುತ್ತದೆ. ಬದಲಾದದ್ದು ಹೊರಡುವ ಜಾಗ. ನಾಲ್ಕನೇ ಮೆಟ್ಟಿಲಿನಲ್ಲಿ ನಾನು ಕೂತಾಗಲೇ ಬೈಕು 7 ಮಿಲಿಮೀಟರು ಎತ್ತರದಲ್ಲಿತ್ತು. ಗೋಣಿ ಇಟ್ಟ ಮೇಲೂ ಅದೇ 7 ಮಿಲಿಮೀಟರು ಎತ್ತರ. ಹಾಗಾದರೆ ಗಟ್ಟಿ ಆದಂತೆ ಅನ್ನಿಸುವುದು ಯಾಕೆ? ಎತ್ತರ ಉಳಿದದ್ದರಿಂದ ಹೊಂಡಕ್ಕೆ ಬಿದ್ದಾಗ ಕುಗ್ಗಲಿಕ್ಕೆ ಇನ್ನೂ ಜಾಗ ಇರುತ್ತದೆ, ತಳಕ್ಕೆ ಹೊಡೆಯುವುದು ತಪ್ಪುತ್ತದೆ. ಸೊಂಟಕ್ಕೆ ಗೊತ್ತಾಗುವುದು ಅದು. ಭಾರ ಹಾಕುವಾಗ ಮೆಟ್ಟಿಲು ಏರಿಸಬೇಕಾದದ್ದು ಇದಕ್ಕಾಗಿಯೇ. ಕುಣಿತ ನಿಲ್ಲಿಸುವುದಕ್ಕೂ ಮೆಟ್ಟಿಲಿಗೂ ಸಂಬಂಧವೇ ಇಲ್ಲ. ಕುಣಿತಕ್ಕೆ ಎಣ್ಣೆಯೇ ಮದ್ದು.

(ಈ ಪರೀಕ್ಷೆ ಮಾಡುವುದಾದರೆ ಒಂದು ಮಾತು. ಪ್ರತಿ ಸಲ ಅಳೆಯುವ ಮೊದಲು ಸೀಟನ್ನು ನಾಲ್ಕು ಸಲ ಅದುಮಿ ಬಿಡಿ. ಇಲ್ಲವಾದರೆ ಸೀಲಿನ ಉಜ್ಜಾಟಕ್ಕೆ ಅಲ್ಲಲ್ಲೇ ನಿಂತು ಲೆಕ್ಕ ತಪ್ಪುತ್ತದೆ. ಬೈಕನ್ನು ಬಿಡದೆ ನೇರ ಹಿಡಿಯಲು ಮೂರನೆಯವರು ಬೇಕು. ನಮ್ಮಲ್ಲಿ ತೋಟದ ಕೆಲಸಕ್ಕೆ ಬಂದವ ನಗುತ್ತಾ ಹಿಡಿದ.)

ಶಾಕ್ ಸತ್ತಿದೆಯೋ ಬದುಕಿದೆಯೋ

ಮೊದಲು ಟಯರಿನ ಗಾಳಿ ನೋಡಿ. ಗಾಳಿ ಹೆಚ್ಚಾದರೂ ಬೈಕು ಹಾರುತ್ತದೆ, ಕಡಿಮೆಯಾದರೆ ಓಲಾಡುತ್ತದೆ. ಶಾಕಿನ ಮೇಲೆ ಸಂಶಯಪಡುವ ಮೊದಲು ಇದನ್ನು ಸರಿ ಮಾಡಿಕೊಳ್ಳಬೇಕು. ಹಿಂದೆ ಭಾರ ಇದ್ದಾಗ ಎಷ್ಟು, ಒಬ್ಬರೇ ಇದ್ದಾಗ ಎಷ್ಟು ಎಂದು ಬೈಕಿನ ಜೊತೆ ಕೊಟ್ಟ ಪುಸ್ತಕದಲ್ಲಿ ಬೇರೆ ಬೇರೆಯಾಗಿ ಕೊಟ್ಟಿರುತ್ತಾರೆ.

ಆಮೇಲೆ ಅದುಮಿ ನೋಡುವುದು. ಸ್ಟ್ಯಾಂಡಿನಿಂದ ಇಳಿಸಿ, ಬೈಕು ನೇರ ಹಿಡಿದು, ಸೀಟಿನ ಹಿಂಭಾಗವನ್ನು ಮೈಭಾರ ಹಾಕಿ ಅದುಮಿ ಪಕ್ಕನೆ ಬಿಡಬೇಕು. ಒಮ್ಮೆ ಮೇಲೆ ಬಂದು ನಿಂತರೆ ಒಳ್ಳೆಯದು. ಎರಡು ಮೂರು ಸಲ ತೂಗಿದರೆ ಎಣ್ಣೆಯ ಕೆಲಸ ಮುಗಿದಿದೆ.

ಸರಳನ್ನು ನೋಡಿ. ಸೀಲಿನ ಹತ್ತಿರ ಒಂದು ತೆಳು ಎಣ್ಣೆಯ ಪಸೆ ಇರುವುದು ರೋಗ ಅಲ್ಲ. ಒದ್ದೆಯಾಗಿ ಇಳಿದು, ಅದರ ಮೇಲೆ ಧೂಳು ಕೂತು ಕಪ್ಪು ರಾಡಿ ಆಗಿದ್ದರೆ ಅದು ಸೋರಿಕೆ. ಆದರೆ ಚೈನಿಗೆ ಬಿಟ್ಟ ಎಣ್ಣೆ ಹಾರಿ ಕೂತದ್ದೂ ಹೀಗೇ ಕಾಣುತ್ತದೆ. ಸಂಶಯವಿದ್ದರೆ ಬಟ್ಟೆಯಲ್ಲಿ ಒರೆಸಿ ನಾಲ್ಕು ದಿನ ಓಡಿಸಿ ಮತ್ತೆ ನೋಡಿ.

ಅಳಿಯ ಹೇಳಿಕೊಟ್ಟ ಇನ್ನೊಂದು ಉಪಾಯ ನನಗೆ ಎಲ್ಲಕ್ಕಿಂತ ಹಿಡಿಸಿತು. ಹೊಂಡದ ದಾರಿಯಲ್ಲಿ ಹತ್ತು ನಿಮಿಷ ಓಡಿಸಿ ಬಂದ ಕೂಡಲೇ ಎರಡೂ ಶಾಕ್‌ಗಳ ಕೊಳವೆ ಮುಟ್ಟಿ ನೋಡುವುದು. ಕೆಲಸ ಮಾಡಿದವನ ಮೈ ಬೆಚ್ಚಗಿರುತ್ತದೆ, ಮಾಡದವನದ್ದು ತಣ್ಣಗೆ. ನನ್ನ ಬೈಕಿನಲ್ಲಿ ಎರಡೂ ತಣ್ಣಗೆ! ಸೈಲೆನ್ಸರ್ ಇರುವ ಬದಿಯಲ್ಲಿ ಕೈ ಸುಟ್ಟುಕೊಳ್ಳಬೇಡಿ. ಅಲ್ಲಿಯ ಬಿಸಿ ಶಾಕಿನದ್ದೋ ಸೈಲೆನ್ಸರಿನದ್ದೋ ಎಂದು ವಿಚಾರವನ್ನೂ ಮಾಡಿ.

ಕೊನೆಗೆ ಬುಶ್. ನಡುಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರವನ್ನು ಮೇಲೆ ಕೆಳಗೆ ಎತ್ತಿ ನೋಡಿ. ಟಕ್ ಟಕ್ ಎಂದರೆ ಶಾಕಿನ ಕಣ್ಣುಗಳ ರಬ್ಬರು ಬುಶ್ ಸವೆದಿದೆ. ಚಕ್ರವನ್ನು ಎಡಕ್ಕೆ ಬಲಕ್ಕೆ ಅಲ್ಲಾಡಿಸಿದಾಗ ಇಡೀ ಸ್ವಿಂಗ್ ಆರ್ಮ್, ಅಂದರೆ ಚಕ್ರ ಹಿಡಿದಿರುವ ಕವಲು, ಬುಡದಲ್ಲಿ ಆಡಿದರೆ ಅದರ ಬುಶ್ ಹೋಗಿದೆ. ಇದು ಹೋಗಿದ್ದರೆ ಎಂಥಾ ಹೊಸ ಶಾಕ್ ಹಾಕಿದರೂ ಬೈಕು ಬಾಲ ಅಲ್ಲಾಡಿಸುವುದು ನಿಲ್ಲದು. ಮೊದಲು ಇದನ್ನು ಬದಲಿಸಿ.

ಎಣ್ಣೆ ತುಂಬಿಸಬಹುದೇ?

ಈ ಪ್ರಶ್ನೆ ಬಂದೇ ಬರುತ್ತದೆ, ನನಗೂ ಬಂತು. ಪೇಟೆಯಲ್ಲಿ ಶಾಕ್ ಬಿಚ್ಚಿ, ಸೀಲು ಬದಲಿಸಿ, ಎಣ್ಣೆ ತುಂಬಿಸಿ ಕೊಡುವವರಿದ್ದಾರೆ. ಬಿಚ್ಚಲಿಕ್ಕೆ ಆಗುವ ಜಾತಿಯ ಶಾಕ್ ಆದರೆ, ಮಾಡುವವರಿಗೆ ಎಣ್ಣೆಯ ದಪ್ಪವೂ ಪ್ರಮಾಣವೂ ಗೊತ್ತಿದ್ದರೆ, ಅದು ಕೆಲಸ ಮಾಡುತ್ತದೆ. ಆದರೆ ನಮ್ಮ ಸಣ್ಣ ಬೈಕುಗಳ ಶಾಕ್ ಹೆಚ್ಚಾಗಿ ಬಾಯಿ ಮಡಚಿ ಮುಚ್ಚಿದ್ದು. ಅದನ್ನು ಕೊರೆದು, ಕೈಗೆ ಸಿಕ್ಕಿದ ಇಂಜಿನ್ ಆಯಿಲ್ ಹೊಯ್ದು ಮುಚ್ಚಿದರೆ ನಾಲ್ಕು ದಿನ ಗಟ್ಟಿ ಇರುತ್ತದೆ. ನನ್ನದು ಹೀಗೆ ಹಿಂದೊಮ್ಮೆ ಒಂದು ಬದಿ ಮಾತ್ರ ಮಾಡಿಸಿದ್ದು, ಎರಡು ತಿಂಗಳೂ ಬಾಳಲಿಲ್ಲ. ಬಾಳಿದಷ್ಟು ದಿನವೂ ಒಂದು ಬದಿ ಹಿಡಿಯುತ್ತಿತ್ತು, ಇನ್ನೊಂದು ಬಿಡುತ್ತಿತ್ತು. ಕವಲು ತಿರುಚಿಕೊಂಡು ಅದರ ಬುಶ್‌ಗೂ ಕೇಡು. ಹಾಗಾಗಿ ಹಾಕುವುದಾದರೆ ಜೋಡಿಯನ್ನೇ ಹಾಕಬೇಕು. ಒಂದು ಹಳತು ಒಂದು ಹೊಸತು ಬೇಡ. ನನಗೆ ಜೋಡಿಗೆ 2,000 ರೂಪಾಯಿಗೆ ಸ್ವಲ್ಪ ಕಡಿಮೆ ಬಿತ್ತು. ಚೆಲ್ಲಿದ ಹಾಲು, ಕೈಯ ಎಕ್ಸ್‌ರೇ, ಬಗ್ಗಿದ ಹ್ಯಾಂಡಲು ಲೆಕ್ಕ ಹಾಕಿದರೆ ಬಿದ್ದದ್ದಕ್ಕೆ ಇದಕ್ಕಿಂತ ಹೆಚ್ಚು ಖರ್ಚಾಗಿದೆ.

ಮನೆಯಲ್ಲೇ ಸ್ಪ್ರಿಂಗು ಬಿಚ್ಚಿ ನೋಡುವ ಆಸೆ ಕೆಲವರಿಗೆ ಇರುತ್ತದೆ. ದಯವಿಟ್ಟು ಬೇಡ. ಅದುಮಿಟ್ಟ ಸ್ಪ್ರಿಂಗು ಬಿಟ್ಟುಕೊಂಡರೆ ಮುಖಕ್ಕೇ ಬರುತ್ತದೆ. ಅದಕ್ಕೆ ಬೇರೆಯೇ ಹಿಡಿಕಟ್ಟು ಬೇಕು.

ಬಿಚ್ಚುವುದು, ಕಟ್ಟುವುದು

ಅಂಗಡಿಗೆ ಹೋಗುವಾಗ ಹಳೆಯ ಶಾಕಿನ ಅಳತೆ ಒಯ್ಯಿರಿ. ಮೇಲಿನ ಕಣ್ಣಿನ ನಡುವಿನಿಂದ ಕೆಳಗಿನ ಕಣ್ಣಿನ ನಡುವಿಗೆ ಎಷ್ಟು ಎಂಬುದು ಮುಖ್ಯ. ಬೈಕು ನಡುಸ್ಟ್ಯಾಂಡಿನಲ್ಲಿದ್ದು ಚಕ್ರ ನೇತಾಡುವಾಗ ಅಳೆಯಬೇಕು. "ಇದೂ ಆಗುತ್ತದೆ" ಎಂದು ಉದ್ದದ್ದು ಕೊಟ್ಟರೆ ತರಬೇಡಿ. ಹಿಂಭಾಗ ಎತ್ತರವಾದರೆ ಸೈಡ್‌ಸ್ಟ್ಯಾಂಡಿನಲ್ಲಿ ಬೈಕು ಅತಿಯಾಗಿ ವಾಲುತ್ತದೆ, ಹ್ಯಾಂಡಲು ಚುರುಕಾಗಿ ಇಳಿಜಾರಿನಲ್ಲಿ ಹೆದರಿಸುತ್ತದೆ, ಚೈನಿನ ಬಿಗಿಯೂ ಬದಲಾಗುತ್ತದೆ. ಕಣ್ಣಿನ ತೂತು, ಬುಶ್ಶಿನ ಅಗಲವನ್ನೂ ಹಳೆಯದರ ಜೊತೆ ತಾಳೆ ನೋಡಿ.

ಕೆಲಸ ಕಷ್ಟದ್ದಲ್ಲ. ಸಮತಟ್ಟು ಅಂಗಳದಲ್ಲಿ ನಡುಸ್ಟ್ಯಾಂಡ್ ಹಾಕಿ. ಮುಂದಿನ ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಡಿ. ಕೊಳೆಯನ್ನೆಲ್ಲ ಬ್ರಶ್ ಹಾಕಿ ತೊಳೆದು ಒಣಗಿಸಿ. ನಟ್ಟುಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಟ್ಟರೆ ಬೆಳಿಗ್ಗೆ ಜಗಳ ಕಡಿಮೆ. ನಮ್ಮ ಮಳೆಗೆ ಹತ್ತು ವರ್ಷ ನೆನೆದ ನಟ್ಟು ಸುಲಭದಲ್ಲಿ ಬರುವುದಿಲ್ಲ. ರಿಂಗ್ ಸ್ಪ್ಯಾನರನ್ನೇ ಹಾಕಿ. ಬಾಯಿ ತೆರೆದ ಸ್ಪ್ಯಾನರು ಜಾರಿದರೆ ನಟ್ಟಿನ ಮೂಲೆಯೂ ಬೆರಳಿನ ಗಂಟೂ ಒಟ್ಟಿಗೆ ಹೋಗುತ್ತವೆ. ಕೆಲವು ಬೈಕುಗಳಲ್ಲಿ ಬಲಬದಿಯ ಕೆಳಗಿನ ಬೋಲ್ಟಿಗೆ ಸೈಲೆನ್ಸರು ಅಡ್ಡ ಬರುತ್ತದೆ, ಅದನ್ನು ಸಡಿಲಿಸಿಕೊಳ್ಳಬೇಕು.

ಇಲ್ಲಿ ಒಂದೇ ನಿಯಮ: ಒಂದು ಬದಿ ಬಿಚ್ಚಿ, ಹೊಸತು ಹಾಕಿ, ಆಮೇಲೆ ಇನ್ನೊಂದು ಬದಿ. ಎರಡನ್ನೂ ಒಟ್ಟಿಗೆ ಬಿಚ್ಚಿದರೆ ಚಕ್ರ ಪೂರ್ತಿ ಇಳಿದು ಜೋತು ಬೀಳುತ್ತದೆ, ಮತ್ತೆ ಬೋಲ್ಟು ಹೊಂದಿಸುವುದೇ ಒಂದು ಹೋರಾಟ. ಯಾವ ವಾಶರು ಒಳಗೆ, ಯಾವುದು ಹೊರಗೆ ಎಂದು ಮರೆಯದಂತೆ ನಾನು ಬಿಚ್ಚಿದ ಕ್ರಮದಲ್ಲೇ ಒಂದು ಹಾಳೆಯ ಮೇಲೆ ಇಡುತ್ತಾ ಹೋದೆ. ಕಾಗದದ ಹಾಳೆ ಅಲ್ಲ, ಅಡಿಕೆಯ ಹಾಳೆ. ಅಂಚು ಇರುವುದರಿಂದ ಉರುಳಿ ಹೋಗುವುದಿಲ್ಲ.

ಹೊಸ ಶಾಕಿನ ಕಣ್ಣು ಕೂರದಿದ್ದರೆ ಸುತ್ತಿಗೆ ತೆಗೆದುಕೊಳ್ಳಬೇಡಿ. ಚಕ್ರದ ಕೆಳಗೆ ಒಂದು ರೀಪು ಕೊಟ್ಟು ಕಾಲಿನಲ್ಲಿ ಸ್ವಲ್ಪ ಮೀಟಿದರೆ ತೂತು ಹೊಂದುತ್ತದೆ. ಬೋಲ್ಟಿನ ನಯವಾದ ಭಾಗಕ್ಕೆ ತೆಳುವಾಗಿ ಗ್ರೀಸ್ ಸವರಿ, ತುಕ್ಕು ಹಿಡಿಯುವುದಿಲ್ಲ. ರಬ್ಬರಿಗೆ ಎಣ್ಣೆ ಗ್ರೀಸ್ ತಾಗಿಸಬೇಡಿ, ಅದು ಊದಿ ಹಾಳಾಗುತ್ತದೆ. ನಾಲ್ಕೂ ನಟ್ಟುಗಳನ್ನು ಮೊದಲು ಅರ್ಧ ಬಿಗಿ ಮಾಡಿ. ಸ್ಟ್ಯಾಂಡಿನಿಂದ ಇಳಿಸಿ, ಯಾರನ್ನಾದರೂ ಕೂರಿಸಿ, ಚಕ್ರ ನೆಲದ ಮೇಲೆ ಭಾರ ಹೊತ್ತಿರುವಾಗ ಪೂರ್ತಿ ಬಿಗಿ ಮಾಡಿ. ಯಾಕೆಂದರೆ ನೇತಾಡುವಾಗ ಬಿಗಿದರೆ ರಬ್ಬರು ಬುಶ್ ಆ ಭಂಗಿಯಲ್ಲೇ ಸಿಕ್ಕಿಕೊಳ್ಳುತ್ತದೆ, ಬೈಕು ಇಳಿಸಿದ ಮೇಲೆ ಸದಾ ತಿರುಚಿಕೊಂಡೇ ಇರುತ್ತದೆ. ಬೇಗ ಹರಿಯುವುದಕ್ಕೆ ಇದೂ ಒಂದು ಕಾರಣ.

ನನ್ನ ಲೆಕ್ಕಕ್ಕೆ ಎಲ್ಲಾ ಸೇರಿ ಒಂದೂವರೆ ಗಂಟೆ. ಅದರಲ್ಲಿ ಮುಕ್ಕಾಲು ಗಂಟೆ ಒಂದೇ ನಟ್ಟಿಗೆ.

ಎಷ್ಟು ಕುಸಿಯಬೇಕು?

ಕುಸಿಯಲೇಬಾರದು ಎಂದು ನಾವು ಅಂದುಕೊಂಡಿರುತ್ತೇವೆ. ಅದೂ ತಪ್ಪು. ಹೊಂಡಕ್ಕೆ ಇಳಿಯುವಾಗ ಚಕ್ರ ಕೆಳಗೂ ಚಾಚಬೇಕು. ಆದ್ದರಿಂದ ನಾವು ಕೂತಾಗ ಶಾಕಿನ ಓಡಾಟದ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಕುಸಿದಿರಬೇಕು. ನನ್ನ ಬೈಕಿನ ಹಿಂದಿನ ಚಕ್ರದ ಓಡಾಟ ಸುಮಾರು 80 ಮಿಲಿಮೀಟರು. ಹಾಗಾಗಿ 20ರಿಂದ 27 ಸರಿ. ಚಕ್ರ ನೇತಾಡುವಾಗಿನ ಅಳತೆಯಿಂದ, ಕೂತಾಗಿನ ಅಳತೆ ಕಳೆಯಿರಿ. ಉಳಿದದ್ದೇ ಕುಸಿತ.

ಎರಡನೇ ಮೆಟ್ಟಿಲಿನಲ್ಲಿ ನಾನೊಬ್ಬನೇ ಕೂತಾಗ 22 ಬಂತು. ಸಾಕು. ಗೋಣಿ ಇಟ್ಟಾಗ 39, ಅಂದರೆ ಹತ್ತಿರ ಹತ್ತಿರ ಅರ್ಧ ಓಡಾಟ ನಿಂತಲ್ಲೇ ಮುಗಿದಿದೆ. ಮೋರಿಯ ಹೊಂಡಕ್ಕೆ ಉಳಿಯುವುದು ಕಡಿಮೆ. ನಾಲ್ಕನೇ ಮೆಟ್ಟಿಲಿಗೆ ಏರಿಸಿದಾಗ 32. ಈಗ ನಾನು ಹಿಂಡಿ ತರುವ ದಿನ ನಾಲ್ಕು, ಬೇರೆ ದಿನ ಎರಡು. ಮನೆಯವಳು ಹಿಂದೆ ಕೂರುವುದಾದರೂ ನಾಲ್ಕೇ. ("ನಾನೂ ಹಿಂಡಿ ಗೋಣಿಯೂ ಒಂದೇ ಲೆಕ್ಕವಾ?" ಎಂದು ಕೇಳಿದ್ದಾಳೆ. ಶಾಕಿನ ಮಟ್ಟಿಗೆ ಹೌದು.) ನಿಮ್ಮ ಅಂಕೆ ಬೇರೆ ಬರುತ್ತದೆ. ನಿಮ್ಮ ಬೈಕು, ನಿಮ್ಮ ತೂಕ ಬೇರೆ.

ಮೆಟ್ಟಿಲು ಬದಲಿಸುವಾಗ ನಡುಸ್ಟ್ಯಾಂಡ್ ಹಾಕಿ, ಚಕ್ರ ನೇತಾಡುತ್ತಿದ್ದರೆ ಸುಲಭ. ಬೈಕಿನ ಜೊತೆ ಬಂದ ಸ್ಪ್ಯಾನರನ್ನೇ ಬಳಸಿ. ಕಟ್ಟಿಂಗ್ ಪ್ಲೇಯರು ಹಾಕಿದರೆ ಬಳೆಯ ಹಲ್ಲು ಹೋಗುತ್ತದೆ. ಎರಡೂ ಬದಿ ಒಂದೇ ಮೆಟ್ಟಿಲು, ಇದರಲ್ಲಿ ರಾಜಿ ಇಲ್ಲ. ವರ್ಷಕ್ಕೊಮ್ಮೆ ಮಳೆಗಾಲ ಮುಗಿದ ಮೇಲೆ ಬಳೆಗೆ ಸ್ವಲ್ಪ ಗ್ರೀಸ್ ಕೊಡಿ. ಇಲ್ಲವಾದರೆ ಮಣ್ಣು ಕೂತು ಹಿಡಿದುಬಿಡುತ್ತದೆ.

ನಿಜವಾಗಿ ಓಡುವಾಗ ಎಷ್ಟು ಕುಗ್ಗುತ್ತದೆ ಎಂದು ತಿಳಿಯಲು ಒಂದು ರಬ್ಬರು ಬ್ಯಾಂಡ್ ಸಾಕು. ಶಾಕಿನ ಸರಳು ಹೊರಗೆ ಕಾಣುವ ಬೈಕಾದರೆ ಅದನ್ನು ಸರಳಿಗೆ ಸುತ್ತಿ ಸೀಲಿಗೆ ತಾಗಿಸಿಡಿ. ದಿನದ ದಾರಿಯಲ್ಲಿ ಹೋಗಿ ಬನ್ನಿ. ಅದು ಸರಿದು ನಿಂತ ಜಾಗ ಎಲ್ಲಕ್ಕಿಂತ ದೊಡ್ಡ ಹೊಂಡದ ಗುರುತು. ತುದಿಯ ರಬ್ಬರಿಗೆ ದಿನಾ ತಾಗುತ್ತಿದ್ದರೆ ಒಂದು ಮೆಟ್ಟಿಲು ಏರಿಸಿ. ಅರ್ಧಕ್ಕೂ ಹೋಗದಿದ್ದರೆ ಇಳಿಸಿ.

ಮೆಟ್ಟಿಲು ಏರಿಸಿದ್ದೇನೆಂದು ಭಾರವನ್ನು ಎಲ್ಲೆಂದರಲ್ಲಿ ಕಟ್ಟಬಾರದು. ಕ್ಯಾರಿಯರಿನ ತುದಿಯಲ್ಲಿ, ಅಂದರೆ ಹಿಂದಿನ ಅಚ್ಚಿಗಿಂತ ಹಿಂದೆ ಕಟ್ಟಿದ ಭಾರ ಮುಂದಿನ ಚಕ್ರವನ್ನು ಎತ್ತುತ್ತದೆ, ಚಡಾವಿನಲ್ಲಿ ಹ್ಯಾಂಡಲು ಹಗುರವಾಗುತ್ತದೆ. ಇದಕ್ಕೆ ಯಾವ ಶಾಕೂ ಮದ್ದಲ್ಲ. ಗೋಣಿಯನ್ನು ಸೀಟಿನ ಮೇಲೆ ನಿಮ್ಮ ಬೆನ್ನಿಗೆ ತಾಗಿಸಿಯೇ ಕಟ್ಟಿ. ಕ್ಯಾನುಗಳಾದರೆ ಎರಡೂ ಬದಿ ಸಮ ತೂಕ, ಸಾಧ್ಯವಾದಷ್ಟು ಕೆಳಗೆ. ಕ್ಯಾನಿನ ಕೊಕ್ಕೆ ಶಾಕಿಗೆ ಉಜ್ಜದ ಹಾಗೆ ನೋಡಿಕೊಳ್ಳಿ.

ಎತ್ತರ ಬದಲಾದಾಗ ಇನ್ನೆರಡು ನೋಡಬೇಕು. ಒಂದು ಚೈನು. ಕವಲು ಮೇಲೆ ಕೆಳಗೆ ಆಡುವಾಗ ಚೈನಿನ ಬಿಗಿ ಬದಲಾಗುತ್ತದೆ. ಇಂಜಿನಿನ ಹಲ್ಲುಚಕ್ರ, ಕವಲಿನ ಬುಡ, ಹಿಂದಿನ ಅಚ್ಚು ಈ ಮೂರೂ ಒಂದೇ ಗೆರೆಗೆ ಬಂದಾಗ ಅದು ಅತಿ ಬಿಗಿ. ಖಾಲಿ ನಿಂತಾಗ ಬಿಗಿ ಮಾಡಿದ ಚೈನು ಗೋಣಿ ಇಟ್ಟಾಗ ತಂತಿಯಾಗಿ, ಶಾಕ್ ಕುಗ್ಗಲೂ ಬಿಡುವುದಿಲ್ಲ, ಬೇರಿಂಗನ್ನೂ ಎಳೆಯುತ್ತದೆ. ಪುಸ್ತಕದಲ್ಲಿ ಹೇಳಿದಷ್ಟು ಸಡಿಲ ಇಟ್ಟು, ಭಾರ ಕೂರಿಸಿ ಇನ್ನೊಮ್ಮೆ ಬೆರಳಲ್ಲಿ ಎತ್ತಿ ನೋಡಿ. ಇನ್ನೊಂದು ಹೆಡ್‌ಲೈಟು. ಹಿಂಭಾಗ ಕುಸಿದರೆ ಬೆಳಕು ತೆಂಗಿನ ಮರದ ತುದಿಗೆ ಹೋಗುತ್ತದೆ. ಎದುರಿನವನ ಕಣ್ಣಿಗೂ.

ಒಂದೇ ಶಾಕಿನ ಗಾಡಿಗಳು

ಮಕ್ಕಳು ತರುವ ಹೊಸ ಬೈಕುಗಳಲ್ಲಿ ಹಿಂದೆ ನಡುವಿನಲ್ಲಿ ಒಂದೇ ಶಾಕ್. ಬೆಲ್ಜಿಯಮ್ಮಿನ ಲೂಸಿಯೆನ್ ಟಿಲ್ಕೆನ್ಸ್ ಎಂಬ ಇಂಜಿನಿಯರನ ಉಪಾಯವನ್ನು ಜಪಾನಿನ ಯಮಹಾ ಕಂಪೆನಿ ಪಡೆದು 1973ರಲ್ಲಿ ಮಣ್ಣಿನ ಓಟದ ಬೈಕುಗಳಿಗೆ ಹಾಕಿತು. ಅಳಿಯನ ರೆಸಾರ್ಟಿನ ಓಟದ ಜಾತಿಯ ಏಟಿವಿಗಳಲ್ಲೂ ಹಿಂದೆ ಇದೇ ಒಂಟಿ ಶಾಕ್. ಅಲ್ಲಿ ಚಕ್ರ ಆಡುವಷ್ಟು ಶಾಕ್ ಆಡುವುದಿಲ್ಲ, ಸನ್ನೆಗೋಲಿನ ಲೆಕ್ಕ. ಆದ್ದರಿಂದ ಅಳತೆಯನ್ನು ಶಾಕಿನಲ್ಲಿ ಮಾಡದೆ ಚಕ್ರದ ಅಚ್ಚಿನಲ್ಲೇ ಮಾಡಬೇಕು. ಮೆಟ್ಟಿಲಿನ ಬಳೆಯ ಬದಲು ಮರೆಯ ಮೇಲೆ ಎರಡು ದೊಡ್ಡ ನಟ್ಟುಗಳಿದ್ದರೆ ಮೇಲಿನದ್ದನ್ನು ಸಡಿಲಿಸಿ, ಸ್ಪ್ರಿಂಗಿಗೆ ತಾಗಿದ್ದನ್ನು ತಿರುಗಿಸಿ, ಮತ್ತೆ ಮೇಲಿನದ್ದನ್ನು ಬಿಗಿಯಬೇಕು. ತಿರುಗಿಸುವ ಮೊದಲು ಎಷ್ಟು ಮರೆ ಕಾಣುತ್ತದೆ ಎಂದು ಅಳೆದು ಬರೆದಿಟ್ಟರೆ ಹಿಂದೆ ಬರಲು ದಾರಿ ಇರುತ್ತದೆ.

ದುಬಾರಿಯವುಗಳಲ್ಲಿ ಎಣ್ಣೆಯ ತಡೆಯನ್ನು ಬದಲಿಸುವ ಸಣ್ಣ ಸ್ಕ್ರೂ ಕೂಡ ಇದೆ. ಅದನ್ನು ಪೂರ್ತಿ ಒಳಗೆ ಹಗುರವಾಗಿ ತಿರುಗಿಸಿ, ಅಲ್ಲಿಂದ ಎಷ್ಟು ಕಟಕ್ ಎಂದು ಎಣಿಸಿಕೊಂಡು ಹಿಂದೆ ಬರುವುದು ಕ್ರಮ. ಒಳಗೆ ಹೋದಷ್ಟು ನಿಧಾನ, ಹೊರಗೆ ಬಂದಷ್ಟು ಚುರುಕು. ಒಂದು ಸಲಕ್ಕೆ ಒಂದೇ ವಿಷಯ ಬದಲಿಸಿ, ಎರಡು ಕಟಕ್‌ಗಿಂತ ಹೆಚ್ಚು ಬೇಡ. ಪಕ್ಕದಲ್ಲಿ ಸಣ್ಣ ಡಬ್ಬಿ ಜೋಡಿಸಿದ ಶಾಕಿನಲ್ಲಿ ಒತ್ತಡದ ನೈಟ್ರೋಜನ್ ಇರುತ್ತದೆ. ಅದನ್ನು ಬಿಚ್ಚುವುದು, ಕೊರೆಯುವುದು, ಬೆಂಕಿ ತೋರಿಸುವುದು ಜೀವಕ್ಕೆ ಅಪಾಯ. ಗುಜರಿಗೆ ಕೊಡುವಾಗಲೂ ಹೇಳಿಯೇ ಕೊಡಿ.

ನಮ್ಮ ಹಳೆ ಬೈಕಿಗೆ ಬರುತ್ತೇನೆ. ಹೊಸ ಜೋಡಿ ಹಾಕಿ ನೂರು ಕಿಲೋಮೀಟರು ಆದ ಮೇಲೆ ನಾಲ್ಕೂ ನಟ್ಟುಗಳಿಗೆ ಮತ್ತೆ ಸ್ಪ್ಯಾನರು ಹಾಕಿ ನೋಡು ಎಂದು ಅಳಿಯ ಫೋನಿನಲ್ಲಿ ಮನೆಯವಳ ಹತ್ತಿರ ಹೇಳಿದ್ದನಂತೆ. ನಾನು ಮರೆತಿದ್ದೆ, ಆಕೆ ಮರೆತಿರಲಿಲ್ಲ. ಹಾಕಿ ನೋಡಿದೆ. ಮೂರು ಅಲುಗಲಿಲ್ಲ. ಎಡಬದಿಯ ಕೆಳಗಿನದ್ದು ಕಾಲು ಸುತ್ತು ತಿರುಗಿತು.